ವಿದೇಶದಲ್ಲಿ ಸೈಕಲ್ ಸವಾರಿ: ಸೆಟೊ ದ್ವೀಪಗಳೋ, ಡ್ಯಾನ್ಯೂಬ್ ದಂಡೆಯೋ, ಮಯೋರ್ಕಾವೋ, ಆಲ್ಪ್ಸ್ ಏರೋ?

ವಿದೇಶ ಪ್ರವಾಸದಲ್ಲಿ ಒಂದು ವಾರವನ್ನಾದರೂ ಸೈಕಲ್ ಮೇಲೆ ಕಳೆಯಬೇಕೆಂದು ನಿರ್ಧರಿಸಿದವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ದೇಶದ ರಸ್ತೆ ಹೆಚ್ಚು ಸುಂದರ ಎಂದು. ಈ ಪ್ರಶ್ನೆಯಿಂದ ಆಯ್ಕೆ ಸುಲಭವಾಗುವುದಿಲ್ಲ, ಏಕೆಂದರೆ ಇಲ್ಲಿ ಹೋಲಿಸಲಿರುವ ಎಲ್ಲ ದಾರಿಗಳೂ ಸುಂದರವಾಗಿಯೇ ಇವೆ. ಅವು ಒಂದರಿಂದ ಒಂದು ಬೇರೆಯಾಗುವುದು ಸವಾರನಿಂದ ಅವು ಬಯಸುವ ಶ್ರಮದಲ್ಲಿ. ಒಂದು ದಾರಿ ಕಾಲಿನ ಬಲವನ್ನು ಕೇಳಿದರೆ ಇನ್ನೊಂದು ತಾಳ್ಮೆಯನ್ನು ಕೇಳುತ್ತದೆ. ಮತ್ತೊಂದು, ಅಪರಿಚಿತ ಸಂಚಾರ ನಿಯಮಗಳ ಮೇಲೆ ಎಡೆಬಿಡದ ಗಮನವನ್ನು ಕೇಳುತ್ತದೆ. ದಿನಕ್ಕೆ ಐದಾರು ಗಂಟೆ ಸೀಟಿನ ಮೇಲೆ ಕುಳಿತವನಿಗೆ ಯಾವ ಬಗೆಯ ದಣಿವು ಸಂತೋಷ ಕೊಡುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ದೇಶದ ಆಯ್ಕೆ ತಾನಾಗಿಯೇ ಆಗುತ್ತದೆ.

ಈ ಬರಹವು ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ವಾರಾಂತ್ಯಕ್ಕೆ ಐವತ್ತು, ಎಂಬತ್ತು ಕಿಲೋಮೀಟರ್ ಸವಾರಿ ಮಾಡುವ, ಆದರೆ ದೇಶದ ಹೊರಗೆ ಇನ್ನೂ ಸೈಕಲ್ ಹತ್ತದ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡಿದೆ. ಹೋಲಿಕೆಗೆ ಮುಖ್ಯವಾಗಿ ನಾಲ್ಕು ದಾರಿಗಳನ್ನು ತೆಗೆದುಕೊಂಡಿದ್ದೇನೆ: ಜಪಾನಿನ ಶಿಮಾನಾಮಿ ಕೈಡೊ, ಜರ್ಮನಿಯ ಪಾಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗಿನ ಡ್ಯಾನ್ಯೂಬ್ ಸೈಕಲ್ ದಾರಿ, ಸ್ಪೇನಿನ ಮಯೋರ್ಕಾ ದ್ವೀಪ ಮತ್ತು ಫ್ರಾನ್ಸಿನ ಆಲ್ಪ್ಸ್. ತೈವಾನಿನ ಹೆಸರೂ ನಡುವೆ ಬರುತ್ತದೆ.

ಎಡಬದಿಯೋ ಬಲಬದಿಯೋ

ದಾರಿಯ ಗುಣಕ್ಕಿಂತ ಮೊದಲು ಯೋಚಿಸಬೇಕಾದ ಸಂಗತಿ ಇದು. ಜಪಾನಿನಲ್ಲಿ ನಮ್ಮಲ್ಲಿರುವಂತೆಯೇ ವಾಹನಗಳು ರಸ್ತೆಯ ಎಡಬದಿಯಲ್ಲಿ ಸಾಗುತ್ತವೆ. ಯುರೋಪಿನ ಮುಖ್ಯಭೂಮಿಯಲ್ಲೂ ತೈವಾನಿನಲ್ಲೂ ಸಂಚಾರ ಬಲಬದಿಯಲ್ಲಿರುತ್ತದೆ. ನೇರ ರಸ್ತೆಯಲ್ಲಿ ಬಲಬದಿಗೆ ಒಗ್ಗಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ತೊಂದರೆ ಎದುರಾಗುವುದು ತಿರುವುಗಳಲ್ಲಿ, ವೃತ್ತಗಳಲ್ಲಿ ಮತ್ತು ಖಾಲಿ ರಸ್ತೆಯಲ್ಲಿ ಚಹಾಕ್ಕೆಂದು ನಿಂತು ಮತ್ತೆ ಹೊರಟಾಗ. ಎದುರಿಗೆ ಯಾವ ವಾಹನವೂ ಇಲ್ಲದಿದ್ದರೆ ದೇಹ ಹಳೆಯ ಅಭ್ಯಾಸದಂತೆ ಎಡಕ್ಕೆ ಎಳೆಯುತ್ತದೆ. ವೃತ್ತವನ್ನು ಅಲ್ಲಿ ಅಪ್ರದಕ್ಷಿಣವಾಗಿ ಸುತ್ತಬೇಕು, ಎಡದಿಂದ ಬರುವ ವಾಹನವನ್ನು ಮೊದಲು ನೋಡಬೇಕು. ಇಳಿಜಾರಿನಲ್ಲಿ ವೇಗವಾಗಿ ಬರುವಾಗ ಈ ಗೊಂದಲ ಅಪಾಯಕಾರಿಯಾಗುತ್ತದೆ. ಆದ್ದರಿಂದ ಬಲಬದಿಯ ದೇಶಕ್ಕೆ ಹೋಗುವವರು ಮೊದಲ ದಿನವನ್ನು ಘಾಟಿ ರಸ್ತೆಗೆ ಮೀಸಲಿಡದೆ, ವಾಹನಗಳು ಕಡಿಮೆಯಿರುವ ಸಮತಟ್ಟಾದ ಹಳ್ಳಿ ದಾರಿಯಲ್ಲಿ ಕಳೆಯಬೇಕೆಂದು ಒತ್ತಿ ಹೇಳುತ್ತೇನೆ.

ಫ್ರಾನ್ಸಿನಲ್ಲಿ ಇನ್ನೊಂದು ನಿಯಮವಿದೆ. ಯಾವ ಫಲಕವೂ ಗುರುತೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ಆದ್ಯತೆ. ನೀವು ಅಗಲವಾದ ರಸ್ತೆಯಲ್ಲಿದ್ದು ಅವರು ಸಣ್ಣ ಓಣಿಯಿಂದ ಬರುತ್ತಿದ್ದರೂ ನಿಲ್ಲಬೇಕಾದವರು ನೀವೇ. ದೊಡ್ಡ ರಸ್ತೆಯ ವಾಹನಕ್ಕೇ ಹಕ್ಕು ಎಂದು ಭಾವಿಸಿ ಬೆಳೆದ ನಮಗೆ ಇದು ಸಹಜವಾಗಿ ಹೊಳೆಯುವುದಿಲ್ಲ.

ಬ್ರೇಕಿನ ವಿಷಯದಲ್ಲಿಯೂ ವ್ಯತ್ಯಾಸವಿದೆ. ಯುರೋಪಿನ ಮುಖ್ಯಭೂಮಿಯಲ್ಲಿ ಬಾಡಿಗೆಗೆ ಸಿಗುವ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಬಲಗೈ ಹಿಂದಿನ ಚಕ್ರವನ್ನು ಹಿಡಿಯುತ್ತದೆ, ಎಡಗೈ ಮುಂದಿನದನ್ನು. ಜಪಾನಿನಲ್ಲಿ ಹೆಚ್ಚಾಗಿ ಇದು ತಿರುಗುಮುರುಗಾಗಿರುತ್ತದೆ. ಅಂಗಡಿಯಿಂದ ಹೊರಡುವ ಮೊದಲೇ ಒಂದೊಂದು ಲಿವರನ್ನೂ ಒತ್ತಿ ಯಾವುದು ಯಾವ ಚಕ್ರದ್ದೆಂದು ನೋಡಿಕೊಳ್ಳುವುದು, ನಿಮ್ಮ ಅಭ್ಯಾಸಕ್ಕೆ ವಿರುದ್ಧವಾಗಿದ್ದರೆ ಬದಲಿಸಿಕೊಡಲು ಕೇಳುವುದು ಅಗತ್ಯ. ಮಳೆಯಲ್ಲಿ ಒದ್ದೆಯಾದ ತಿರುವಿನಲ್ಲಿ ಹಿಂದಿನ ಬ್ರೇಕೆಂದು ಮುಂದಿನದನ್ನು ಗಟ್ಟಿಯಾಗಿ ಹಿಡಿದರೆ ಚಕ್ರ ಜಾರುತ್ತದೆ.

ಶಿಮಾನಾಮಿ ಕೈಡೊ

ಹೊನ್ಶು ದ್ವೀಪದ ಒನೊಮಿಚಿ ಪಟ್ಟಣದಿಂದ ಶಿಕೊಕು ದ್ವೀಪದ ಇಮಾಬಾರಿಯವರೆಗೆ, ಸೆಟೊ ಒಳಸಮುದ್ರದ ಆರು ದ್ವೀಪಗಳನ್ನು ಹಾದುಹೋಗುವ ಈ ದಾರಿಯ ಉದ್ದ ಸುಮಾರು 70 ಕಿಲೋಮೀಟರ್. 1999ರಲ್ಲಿ ಸೇತುವೆಗಳ ಸರಣಿ ಪೂರ್ಣಗೊಂಡಾಗ ವಾಹನಗಳ ಜೊತೆಗೆ ಸೈಕಲ್ ಸವಾರರಿಗೂ ನಡೆಯುವವರಿಗೂ ಅವುಗಳ ಮೇಲೆ ಪ್ರತ್ಯೇಕ ಜಾಗ ಸಿಕ್ಕಿತು. ರಸ್ತೆಯ ಅಂಚಿನಲ್ಲಿ ಎಳೆದಿರುವ ನೀಲಿ ಗೆರೆಯನ್ನು ಹಿಡಿದು ಹೋದರೆ ನಕ್ಷೆಯ ಅವಶ್ಯಕತೆಯೇ ಬರುವುದಿಲ್ಲ. ಸೇತುವೆಗಳು ಹಡಗುಗಳಿಗೆ ದಾರಿ ಬಿಡಲೆಂದು ನೀರಿನಿಂದ ಬಹಳ ಎತ್ತರದಲ್ಲಿವೆ. ಆದರೆ ಅವುಗಳಿಗೆ ಹತ್ತುವ ಸೈಕಲ್ ದಾರಿಯನ್ನು ಸುತ್ತುಬಳಸಿ, ತುಂಬ ಮೆತ್ತಗಿನ ಏರಾಗಿ ಕಟ್ಟಿದ್ದಾರೆ. ನಿತ್ಯ ಸವಾರಿಯ ಅಭ್ಯಾಸವಿಲ್ಲದವರೂ ಸಣ್ಣ ಗೇರಿನಲ್ಲಿ ನಿಧಾನವಾಗಿ ಹತ್ತಬಹುದು. ಇಮಾಬಾರಿಯ ಹತ್ತಿರದ ಕುರುಶಿಮಾ ಸೇತುವೆಯು ಮೂರು ತೂಗುಸೇತುವೆಗಳನ್ನು ಒಂದರ ಹಿಂದೊಂದು ಜೋಡಿಸಿ ಸುಮಾರು ನಾಲ್ಕು ಕಿಲೋಮೀಟರ್ ಸಾಗುತ್ತದೆ. ಕೆಳಗೆ ಸುಳಿ ತಿರುಗುವ ಕಡಲಿನ ಸೆಳೆತ, ಎರಡೂ ಬದಿಯಲ್ಲಿ ಹಸಿರು ದ್ವೀಪಗಳು. ಈ ನಾಲ್ಕು ಕಿಲೋಮೀಟರಿಗಾಗಿಯೇ ಜಪಾನಿಗೆ ಹೋದರೂ ನಷ್ಟವಿಲ್ಲವೆಂದು ನಂಬುತ್ತೇನೆ.

ಗಟ್ಟಿ ಸವಾರರು ಇದನ್ನು ಅರ್ಧ ದಿನದಲ್ಲಿ ಮುಗಿಸುತ್ತಾರೆ. ಹಾಗೆ ಮಾಡಬಾರದು. ನಿಂಬೆ ತೋಟಗಳಿಗೆ ಹೆಸರಾದ ಇಕುಚಿಜಿಮಾದಲ್ಲೋ ಓಮಿಶಿಮಾದಲ್ಲೋ ಒಂದು ರಾತ್ರಿ ತಂಗಿ, ಮುಖ್ಯ ದಾರಿಯನ್ನು ಬಿಟ್ಟು ದ್ವೀಪದ ಕರಾವಳಿಯನ್ನು ಒಮ್ಮೆ ಸುತ್ತಿದಾಗಲೇ ಇಲ್ಲಿನ ಬದುಕು ಕಣ್ಣಿಗೆ ಬೀಳುತ್ತದೆ. ದಾರಿಯುದ್ದಕ್ಕೂ ಇರುವ ಸಾರ್ವಜನಿಕ ಬಾಡಿಗೆ ಕೇಂದ್ರಗಳಲ್ಲಿ ಒಂದೆಡೆ ಪಡೆದ ಸೈಕಲನ್ನು ಇನ್ನೊಂದೆಡೆ ಹಿಂದಿರುಗಿಸಬಹುದು. ಸುಸ್ತಾದವರು ಅಲ್ಲಿಂದ ಬಸ್ಸನ್ನೋ ದೋಣಿಯನ್ನೋ ಹಿಡಿಯಬಹುದು. ಆದರೆ ಅಲ್ಲಿನ ಸೈಕಲ್‌ಗಳು ಸಾಧಾರಣ ಬಗೆಯವು. ಎತ್ತರದ ಆಳಿಗೆ ಸರಿಹೊಂದುವ ಚೌಕಟ್ಟು ಸಿಗುವುದು ಕಷ್ಟ. ಒಳ್ಳೆಯ ರೋಡ್ ಬೈಕ್ (ಹಗುರವಾದ, ವೇಗದ ರಸ್ತೆ ಸೈಕಲ್) ಬೇಕಾದವರು ಖಾಸಗಿ ಅಂಗಡಿಯಲ್ಲಿ ಮುಂಚಿತವಾಗಿ ಕಾಯ್ದಿರಿಸಬೇಕು. ಸ್ವಂತ ಸೈಕಲನ್ನು ರೈಲಿನಲ್ಲಿ ಒಯ್ಯುವುದಾದರೆ ಚಕ್ರ ಬಿಚ್ಚಿ, ಇಡೀ ಸೈಕಲನ್ನು ಮುಚ್ಚುವಂಥ ಚೀಲಕ್ಕೆ ತುಂಬಿದ ಮೇಲೆಯೇ ನಿಲ್ದಾಣದೊಳಗೆ ಒಯ್ಯಬೇಕೆಂಬ ನಿಯಮವಿದೆ, ಮತ್ತು ಅದನ್ನು ಎಲ್ಲರೂ ಪಾಲಿಸುತ್ತಾರೆ.

ಸಸ್ಯಾಹಾರಿಗಳಿಗೆ ಜಪಾನಿನ ನಿಜವಾದ ಸವಾಲು ಊಟ. ತರಕಾರಿ ಸಾರು, ನೂಡಲ್ಸ್, ಬೇಯಿಸಿದ ಸೊಪ್ಪು ಎಂದು ಕಾಣುವುದರಲ್ಲೂ ಒಣಮೀನಿನಿಂದ ತೆಗೆದ ದಾಶಿ ಎಂಬ ರಸ ಸೇರಿರುವುದೇ ಹೆಚ್ಚು. ಸಣ್ಣ ದ್ವೀಪಗಳಲ್ಲಿ ಬೇರೆ ಆಯ್ಕೆ ಕಡಿಮೆ. ಅವಲಕ್ಕಿ, ಚಟ್ನಿಪುಡಿ, ಕಡಲೆಚಿಕ್ಕಿಗಳನ್ನು ಕಟ್ಟಿಕೊಂಡು ಹೋಗುವ ನಮ್ಮ ಹಿರಿಯರ ಪ್ರಯಾಣದ ಪದ್ಧತಿ ಇಲ್ಲಿ ಅಕ್ಷರಶಃ ಉಪಯೋಗಕ್ಕೆ ಬರುತ್ತದೆ. ಈ ಒಂದು ವಿಷಯದಲ್ಲಿ ತೈವಾನ್ ಜಪಾನಿಗಿಂತ ಬಹಳ ಮೇಲು: ಬೌದ್ಧ ಪರಂಪರೆಯ ಕಾರಣ ಸಣ್ಣ ಪಟ್ಟಣಗಳಲ್ಲೂ ಶುದ್ಧ ಸಸ್ಯಾಹಾರದ ಊಟದಂಗಡಿಗಳಿವೆ. ಆ ದ್ವೀಪವನ್ನು ಸುತ್ತುವ ಸುಮಾರು 960 ಕಿಲೋಮೀಟರಿನ ದಾರಿಯನ್ನು ಹೆಚ್ಚಿನವರು ಅಪ್ರದಕ್ಷಿಣವಾಗಿ ಸುತ್ತುತ್ತಾರೆ. ಬಲಬದಿಯ ಸಂಚಾರವಾದ್ದರಿಂದ ಆಗ ಕಡಲು ಸವಾರನ ಪಕ್ಕಕ್ಕೇ ಇರುತ್ತದೆ. ಸೈಕಲ್ ತಯಾರಿಸುವ ಜೈಂಟ್ ಕಂಪನಿಯನ್ನು 1972ರಲ್ಲಿ ಕಟ್ಟಿದ ಕಿಂಗ್ ಲಿಯು ಅವರು 2007ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಈ ಸುತ್ತನ್ನು ಪೂರೈಸಿದ ಮೇಲೆ ಇದು ಅಲ್ಲಿ ಜನಸಾಮಾನ್ಯರ ಹಂಬಲವಾಯಿತು. ಹತ್ತು ದಿನಗಳ ರಜೆಯುಳ್ಳವರು ಶಿಮಾನಾಮಿಗೆ ಬದಲಾಗಿ ಇದನ್ನು ಪರಿಗಣಿಸಬಹುದು. ಮೂರು ನಾಲ್ಕು ದಿನಗಳಷ್ಟೇ ಉಳ್ಳವರಿಗೆ ಶಿಮಾನಾಮಿಯೇ ಸರಿ.

ಸಮಯದ ಬಗ್ಗೆ ಒಂದು ಮಾತು: ಶಿಮಾನಾಮಿಗೆ ಏಪ್ರಿಲ್, ಮೇ ಅಥವಾ ಅಕ್ಟೋಬರ್, ನವೆಂಬರ್ ಒಳ್ಳೆಯದು. ಜೂನ್‌ನಿಂದ ಮಳೆ, ಆಮೇಲೆ ಸೆಕೆ, ಅದರ ಬೆನ್ನಿಗೇ ಚಂಡಮಾರುತಗಳ ಕಾಲ.

ಡ್ಯಾನ್ಯೂಬ್ ದಂಡೆ

ಪಾಸಾವ್‌ನಿಂದ ವಿಯೆನ್ನಾಕ್ಕೆ 300 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರ. ಅಟ್ಲಾಂಟಿಕ್ ತೀರದಿಂದ ಕಪ್ಪು ಸಮುದ್ರದವರೆಗೆ ಹೋಗುವ ಯೂರೋವೆಲೊ 6 ಎಂಬ ಉದ್ದನೆಯ ಸೈಕಲ್ ದಾರಿಯ ಅತ್ಯಂತ ಜನಪ್ರಿಯ ತುಂಡು ಇದು. ನದಿಯ ಹರಿವಿನ ಜೊತೆಗೆ ಸಾಗುವುದರಿಂದ ಏರು ಎನ್ನುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಗಾಳಿಯೂ ಹೆಚ್ಚಾಗಿ ಪಶ್ಚಿಮದಿಂದ ಬೀಸುವ ಕಾರಣ ಬೆನ್ನಿಗೆ ಇರುತ್ತದೆ. ವಿರುದ್ಧ ದಿಕ್ಕಿನಲ್ಲಿ, ವಿಯೆನ್ನಾದಿಂದ ಹೊರಡುವ ಯೋಜನೆ ಮಾಡುವವರು ಇದನ್ನು ನೆನಪಿಡಬೇಕು. ಬಹುಪಾಲು ದೂರ ನದಿಯ ಎರಡೂ ದಂಡೆಗಳಲ್ಲಿ ದಾರಿಯಿದೆ, ಅಲ್ಲಲ್ಲಿ ಸೈಕಲ್‌ಗಳನ್ನು ದಾಟಿಸುವ ಸಣ್ಣ ದೋಣಿಗಳಿವೆ. ಶ್ಲೋಗೆನ್ ಎಂಬಲ್ಲಿ ನದಿ ಕಾಡುಗುಡ್ಡವನ್ನು ಬಳಸಿ ಪೂರ್ತಿಯಾಗಿ ಹಿಂದಿರುಗಿದಂತೆ ತಿರುಗುವ ಜಾಗವನ್ನು ನೋಡಲು ಗುಡ್ಡ ಹತ್ತಿದರೆ ಶ್ರಮ ಸಾರ್ಥಕ.

ಮೆಲ್ಕ್‌ನ ಬೃಹತ್ ಮಠದಿಂದ ಕ್ರೆಮ್ಸ್‌ವರೆಗಿನ ವಾಖಾವ್ ಕಣಿವೆಯನ್ನು 2000ದಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದ್ರಾಕ್ಷಿಯ ಮೆಟ್ಟಿಲು ಹೊಲಗಳು, ಏಪ್ರಿಲ್‌ನಲ್ಲಿ ಹೂ ತುಂಬಿ ಜುಲೈಯಲ್ಲಿ ಹಣ್ಣಾಗುವ ಏಪ್ರಿಕಾಟ್ ತೋಟಗಳು, ಇಂಗ್ಲೆಂಡಿನ ರಾಜ ಮೊದಲನೆಯ ರಿಚರ್ಡ್ ಸೆರೆಯಲ್ಲಿದ್ದ ಡ್ಯೂರ್ನ್‌ಸ್ಟೈನ್ ಕೋಟೆಯ ಅವಶೇಷ ಇವೆಲ್ಲ ಮೂವತ್ತೈದು ಕಿಲೋಮೀಟರಿನ ಒಳಗೆ ಇವೆ. ಇಲ್ಲಿ ಒಂದು ಇಡೀ ದಿನ ಹೆಚ್ಚಾಗಿ ಇಟ್ಟುಕೊಳ್ಳಿ.

ಡ್ಯಾನ್ಯೂಬ್ ದಾರಿಯ ಬಲ ಅದರ ವ್ಯವಸ್ಥೆ. ಸೈಕಲ್ ಸವಾರರನ್ನೇ ನಂಬಿಕೊಂಡ ಸಣ್ಣ ವಸತಿಗೃಹಗಳು, ಚೀಲವನ್ನು ಒಂದು ತಂಗುದಾಣದಿಂದ ಮುಂದಿನದಕ್ಕೆ ವ್ಯಾನಿನಲ್ಲಿ ತಲುಪಿಸುವ ಸೇವೆ, ಪಾಸಾವ್‌ನಲ್ಲಿ ಪಡೆದ ಸೈಕಲನ್ನು ವಿಯೆನ್ನಾದಲ್ಲಿ ಬಿಡುವ ಅನುಕೂಲ ಎಲ್ಲವೂ ಇವೆ. ದೌರ್ಬಲ್ಯವೆಂದರೆ ಇದು ತೀರ ಸಮತಟ್ಟು. ನಂದಿಬೆಟ್ಟದ ಏರನ್ನು ಎಷ್ಟು ನಿಮಿಷದಲ್ಲಿ ಮುಗಿಸಿದೆ ಎಂದು ಲೆಕ್ಕವಿಡುವ ಸವಾರನಿಗೆ ಮೂರನೆಯ ದಿನದ ಹೊತ್ತಿಗೆ ಕಾಲುಗಳು ಕೆಲಸ ಕೇಳತೊಡಗುತ್ತವೆ. ಬೇಸಿಗೆಯಲ್ಲಿ ದಾರಿಯ ತುಂಬ ಕುಟುಂಬಗಳು, ಮಕ್ಕಳು, ಹಿರಿಯರು ಇರುತ್ತಾರೆ. ಅಲ್ಲಿ ಮೂವತ್ತೈದರ ವೇಗದಲ್ಲಿ ಹೋಗುವುದು ಅಸಭ್ಯವೂ ಅಪಾಯವೂ ಆಗುತ್ತದೆ. ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಹಣ್ಣು, ಬ್ರೆಡ್ಡು, ಚೀಸು ಕೊಂಡಿಟ್ಟುಕೊಳ್ಳಬೇಕು. ಭಾರಿ ಮಳೆಯ ಬಳಿಕ ನದಿ ಉಕ್ಕಿ ದಂಡೆಯ ದಾರಿ ಮುಳುಗುವುದೂ ಉಂಟು.

ಮಯೋರ್ಕಾ

ಮಯೋರ್ಕಾ ಪ್ರವಾಸದ ದಾರಿಯಲ್ಲ, ಅದು ಒಂದು ನೆಲೆ. ಪೋರ್ಟ್ ದೆ ಪೊಯೆನ್ಸಾ ಅಥವಾ ಅಲ್ಕೂಡಿಯಾದಲ್ಲಿ ಒಂದೇ ಕೋಣೆ ಹಿಡಿದು, ಪ್ರತಿದಿನ ಬೇರೆ ಬೇರೆ ದಿಕ್ಕಿಗೆ ಹೋಗಿ ಸಂಜೆಗೆ ಮರಳಬಹುದು. ಚೀಲ ಕಟ್ಟುವ, ಬಿಚ್ಚುವ ಕೆಲಸವಿಲ್ಲ. ಮಳೆ ಬಂದರೆ ಒಂದು ದಿನ ಸುಮ್ಮನಿರಬಹುದು. ಒಂದೇ ದ್ವೀಪದಲ್ಲಿ ಬಾದಾಮಿ ತೋಟಗಳ ನಡುವಿನ ಸಮತಟ್ಟಾದ ರಸ್ತೆಗಳೂ, ಉತ್ತರದಲ್ಲಿ ಟ್ರಾಮುಂಟಾನಾ ಬೆಟ್ಟಸಾಲಿನ ಏರುಗಳೂ ಇವೆ. ಯುರೋಪಿನ ವೃತ್ತಿಪರ ತಂಡಗಳು ಚಳಿಗಾಲದ ತರಬೇತಿಗೆ ಇಲ್ಲಿಗೆ ಬರುವುದು ಈ ವೈವಿಧ್ಯಕ್ಕಾಗಿಯೇ.

ಇಲ್ಲಿನ ಹೆಸರಾಂತ ರಸ್ತೆ ಸಾ ಕಾಲೊಬ್ರಾ. ಎಂಜಿನಿಯರ್ ಆಂಟೋನಿಯೊ ಪರಿಯೆಟ್ಟಿ ಅವರ ವಿನ್ಯಾಸದಲ್ಲಿ 1930ರ ದಶಕದ ಆರಂಭದಲ್ಲಿ ನಿರ್ಮಾಣವಾದ ಈ ರಸ್ತೆ ಸುಮಾರು ಒಂಬತ್ತೂವರೆ ಕಿಲೋಮೀಟರಿನಲ್ಲಿ ಬೆಟ್ಟದ ನೆತ್ತಿಯಿಂದ ಕಡಲಿಗೆ ಇಳಿಯುತ್ತದೆ. ಸರಾಸರಿ ಇಳಿಜಾರು ಶೇಕಡಾ 7ರಷ್ಟು. ಒಂದು ಕಡೆಯಂತೂ ರಸ್ತೆ ಸುತ್ತು ಹಾಕಿ ತನ್ನದೇ ಕೆಳಗೆ ನುಗ್ಗಿ ಹೋಗುತ್ತದೆ. ಕೆಳಗೆ ಕಡಲು, ಮುಂದೆ ರಸ್ತೆಯಿಲ್ಲ. ಇಳಿದವರು ಅದೇ ದಾರಿಯಲ್ಲಿ ಹತ್ತಲೇಬೇಕು ಎಂಬುದೇ ಇದರ ವಿಶೇಷ. ಬೆಳಿಗ್ಗೆ ಹತ್ತು ಗಂಟೆಯ ನಂತರ ಪ್ರವಾಸಿಗಳ ದೊಡ್ಡ ಬಸ್ಸುಗಳು ಈ ಕಿರಿದಾದ ತಿರುವುಗಳನ್ನು ತುಂಬುವುದರಿಂದ ಬೇಗ ಹೋಗಿ ಬೇಗ ಮುಗಿಸುವುದು ಕ್ಷೇಮ.

ಆಗುಂಬೆಯ 14 ತಿರುವುಗಳನ್ನು ನಿಲ್ಲದೆ ಹತ್ತಬಲ್ಲವರಿಗೆ ಮಯೋರ್ಕಾ ಭಯ ಹುಟ್ಟಿಸುವುದಿಲ್ಲ. ಸ್ಪೇನಿನ ಕಾನೂನಿನ ಪ್ರಕಾರ ಸೈಕಲನ್ನು ದಾಟುವ ವಾಹನ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕು. ಚಾಲಕರು ಹಿಂದೆಯೇ ತಾಳ್ಮೆಯಿಂದ ಕಾದು, ತಿರುವು ಮುಗಿದ ಮೇಲೆ ದಾಟಿಹೋಗುವಾಗ ನಮ್ಮ ಹೆದ್ದಾರಿಗಳಲ್ಲಿ ಸವಾರಿ ಮಾಡಿದವರಿಗೆ ಆಗುವ ನೆಮ್ಮದಿಯನ್ನು ಮಾತಿನಲ್ಲಿ ಹೇಳುವುದು ಕಷ್ಟ. ಕಾಲ ಫೆಬ್ರುವರಿಯ ಕೊನೆಯಿಂದ ಮೇವರೆಗೆ, ಮತ್ತೆ ಅಕ್ಟೋಬರ್. ಜುಲೈ, ಆಗಸ್ಟ್ ಬಿಸಿಲಿಗೂ ಜನಜಂಗುಳಿಗೂ ಮೀಸಲು.

ಫ್ರಾನ್ಸಿನ ಆಲ್ಪ್ಸ್

ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆ ನೋಡಿ ಬೆಳೆದವರ ಮನಸ್ಸು ಮೊದಲು ಹೋಗುವುದು ಇಲ್ಲಿಗೇ. 1952ರಲ್ಲಿ ಮೊದಲ ಬಾರಿಗೆ ಸ್ಪರ್ಧೆಯ ದಾರಿಗೆ ಸೇರಿ, ಇಟಲಿಯ ಸವಾರ ಫೌಸ್ಟೊ ಕೊಪ್ಪಿ ಗೆದ್ದ ಆಲ್ಪ್ ದ್ಯುಯೆಜ್ ಏರು ಸುಮಾರು 13.8 ಕಿಲೋಮೀಟರ್ ಉದ್ದವಿದ್ದು, ಸರಾಸರಿ ಶೇಕಡಾ 8ರಷ್ಟು ಕಡಿದಾಗಿದೆ. ಕೆಳಗಿನಿಂದ 21 ಎಂದು ಆರಂಭವಾಗುವ ತಿರುವುಗಳ ಸಂಖ್ಯೆ ಮೇಲೆ ಹೋದಂತೆ ಇಳಿಯುತ್ತದೆ; ಪ್ರತಿ ತಿರುವಿನಲ್ಲೂ ಗೆದ್ದವರ ಹೆಸರಿನ ಫಲಕವಿದೆ. 1478 ಮೀಟರ್ ಎತ್ತರದ ನಮ್ಮ ನಂದಿಬೆಟ್ಟದಲ್ಲಿ ಕೊನೆಯ ಏಳೆಂಟು ಕಿಲೋಮೀಟರ್ ಹತ್ತುವಷ್ಟು ಎತ್ತರವನ್ನು ಇಲ್ಲಿ ಬಿಡುವಿಲ್ಲದೆ ಎರಡು ಪಟ್ಟಿಗೂ ಮಿಗಿಲಾಗಿ ಹತ್ತಬೇಕು, ಮತ್ತು ಮೊದಲ ಎರಡು ಕಿಲೋಮೀಟರುಗಳೇ ಅತ್ಯಂತ ಕಠಿಣ. ಅಲ್ಲಿ ಉತ್ಸಾಹದಿಂದ ಶಕ್ತಿ ಸುರಿದವರು ಅರ್ಧದಾರಿಯಲ್ಲಿ ಬಳಲುತ್ತಾರೆ. ಹತ್ತಿರದ ಗಾಲಿಬಿಯೆ ಕಣಿವೆಮಾರ್ಗ 2642 ಮೀಟರಿನಲ್ಲಿದೆ. ಹಿಮದಿಂದಾಗಿ ಅದು ತೆರೆಯುವುದೇ ಮೇ ಕೊನೆಯಿಂದ ಜೂನ್ ಹೊತ್ತಿಗೆ.

ಆಲ್ಪ್ಸ್‌ನಲ್ಲಿ ನಮ್ಮವರು ಕಡೆಗಣಿಸುವುದು ಇಳಿಯುವಾಗಿನ ಚಳಿಯನ್ನು. ಬೆವರಿನಿಂದ ಒದ್ದೆಯಾದ ಅಂಗಿಯಲ್ಲಿ ಎರಡೂವರೆ ಸಾವಿರ ಮೀಟರಿನಿಂದ ಅರ್ಧ ಗಂಟೆ ಇಳಿದರೆ ಬೆರಳುಗಳು ಮರಗಟ್ಟಿ ಬ್ರೇಕ್ ಹಿಡಿಯಲಾಗುವುದಿಲ್ಲ. ಜುಲೈಯ ಬಿಸಿಲಿನಲ್ಲೂ ಗಾಳಿ ತಡೆಯುವ ಜಾಕೆಟ್ಟು, ಪೂರ್ಣ ಬೆರಳಿನ ಕೈಗವಸು ಜೇಬಿನಲ್ಲಿರಬೇಕು. ಗೇರಿನ ವಿಷಯದಲ್ಲಿ ಅಭಿಮಾನ ಬೇಡ: ಏರಿನಲ್ಲಿ ಪೆಡಲು ಹಗುರಾಗುವಂತೆ ಮುಂದೆ 34 ಹಲ್ಲು, ಹಿಂದೆಯೂ 32 ಅಥವಾ 34 ಹಲ್ಲಿನ ಚಕ್ರವನ್ನೇ ಕೇಳಿ ಪಡೆಯಿರಿ. ಹಳ್ಳಿಗಳ ಊಟದ ಮನೆಗಳಲ್ಲಿ ಮಧ್ಯಾಹ್ನ ಎರಡರ ನಂತರ ಸಂಜೆ ಏಳರವರೆಗೆ ಅಡುಗೆ ಸಿಗುವುದು ವಿರಳ. ಹಸಿವಾಗುವ ಮೊದಲೇ ತಿನ್ನುವ ಅಭ್ಯಾಸ ಇಲ್ಲಿ ಇನ್ನಷ್ಟು ಮುಖ್ಯ. ಆದರೆ ನೀರಿಗೆ ಕೊರತೆಯಿಲ್ಲ. ಹಳ್ಳಿಹಳ್ಳಿಯಲ್ಲೂ ಕಾರಂಜಿಗಳಿವೆ, ಕುಡಿಯಬಾರದ ನೀರಾದರೆ ಸಾಮಾನ್ಯವಾಗಿ ಫಲಕ ಹಾಕಿರುತ್ತಾರೆ.

ಇದನ್ನೇ ಮೊದಲ ವಿದೇಶಿ ಸವಾರಿಯಾಗಿ ಆರಿಸುವುದು ನನಗೆ ಸರಿಯೆನಿಸುವುದಿಲ್ಲ. ಬಲಬದಿಯ ಸಂಚಾರ, ಉದ್ದನೆಯ ಇಳಿಜಾರು, ಪರಿಚಯವಿಲ್ಲದ ಬಾಡಿಗೆ ಸೈಕಲ್ ಮೂರೂ ಒಮ್ಮೆಗೇ ಎದುರಾಗುತ್ತವೆ. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗಳ ದಾರಿಯಲ್ಲಿ ಹತ್ತುವುದರಷ್ಟೇ ಇಳಿಯುವುದನ್ನೂ ಅಭ್ಯಾಸ ಮಾಡಿ, ಮಯೋರ್ಕಾದಂಥ ಒಂದು ಪ್ರವಾಸ ಮುಗಿಸಿದವರಿಗೆ ಆಲ್ಪ್ಸ್ ತನ್ನ ಪೂರ್ಣ ಸಂತೋಷವನ್ನು ಕೊಡುತ್ತದೆ. ಮರಗಳು ಮುಗಿದು, ಬರಿಯ ಹುಲ್ಲುಗಾವಲು, ಕಲ್ಲು, ಹಿಮದ ಪಟ್ಟೆಗಳ ನಡುವೆ ತನ್ನ ಉಸಿರಿನ ಸದ್ದನ್ನಷ್ಟೇ ಕೇಳುತ್ತಾ ಹತ್ತುವ ಆ ಕೊನೆಯ ಕಿಲೋಮೀಟರುಗಳಿಗೆ ಇನ್ನಾವ ದಾರಿಯೂ ಸಾಟಿಯಲ್ಲ.

ಸ್ವಂತ ಸೈಕಲೋ, ಬಾಡಿಗೆಯದೋ

ಒಂದು ವಾರದ ಪ್ರವಾಸಕ್ಕೆ ಬಾಡಿಗೆಯೇ ಮೇಲು ಎಂಬುದು ನನ್ನ ಸ್ಪಷ್ಟ ನಿಲುವು. ವಿಮಾನದಲ್ಲಿ ಸೈಕಲ್ ಒಯ್ಯಲು ಪೆಟ್ಟಿಗೆ ಬೇಕು, ಹ್ಯಾಂಡಲ್ ತಿರುಗಿಸಿ, ಪೆಡಲ್ ಬಿಚ್ಚಿ ಕಟ್ಟಬೇಕು (ಎಡ ಪೆಡಲಿನ ತಿರುಪು ಉಲ್ಟಾ ಎಂಬುದನ್ನು ನೆನಪಿಡಿ), ಪೆಟ್ಟಿಗೆಯೊಂದಿಗೆ ತೂಕ ಸಾಮಾನ್ಯ ದರ್ಜೆಯ 23 ಕಿಲೋ ಮಿತಿಯ ಹತ್ತಿರಕ್ಕೆ ಬರುತ್ತದೆ. ವಿಮಾನ ಸಂಸ್ಥೆಗಳ ಶುಲ್ಕ ಒಂದೊಂದರದು ಒಂದೊಂದು ಬಗೆ. ಟಿಕೆಟ್ ಕೊಳ್ಳುವ ಮೊದಲೇ ನಿಯಮ ಓದಿಕೊಳ್ಳಬೇಕು. ಬೆಲೆಬಾಳುವ ಸೈಕಲ್ ಒಯ್ಯುವವರು ಹೊರಡುವಾಗಲೇ ಇಲ್ಲಿನ ಕಸ್ಟಮ್ಸ್‌ನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ಪಡೆದಿದ್ದರೆ, ಹಿಂದಿರುಗುವಾಗ ಅದನ್ನು ಹೊರದೇಶದಲ್ಲಿ ಕೊಂಡದ್ದೆಂದು ತಿಳಿದು ಸುಂಕ ಕೇಳುವ ಸಂದರ್ಭ ಬರುವುದಿಲ್ಲ. ವಿದ್ಯುತ್ ಸೈಕಲನ್ನಂತೂ ಒಯ್ಯಲಾಗದು: 160 ವ್ಯಾಟ್ ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರ ಸಾಮಾನಿನಲ್ಲಿ ಬಿಡುವುದಿಲ್ಲ, ಇಂಥ ಸೈಕಲ್‌ಗಳ ಬ್ಯಾಟರಿ ಅದರ ಎರಡು ಮೂರು ಪಟ್ಟು ಇರುತ್ತದೆ.

ಸ್ವಂತ ಸೈಕಲ್ ಅನಿವಾರ್ಯವೆನಿಸುವುದು ನಿಗದಿತ ಸಮಯದೊಳಗೆ ದೀರ್ಘದೂರ ಮುಗಿಸಬೇಕಾದ ಬ್ರೆವೆ ಸವಾರರಿಗೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ, 90 ಗಂಟೆಗಳ ಮಿತಿಯ, 1200 ಕಿಲೋಮೀಟರಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ಗೆ ಬೆಂಗಳೂರಿನಿಂದಲೂ ಸವಾರರು ಹೋಗುತ್ತಾರೆ. ಅಷ್ಟು ದೂರಕ್ಕೆ ಅಪರಿಚಿತ ಸೀಟಿನ ಮೇಲೆ ಕುಳಿತರೆ ಸವಾರಿ ಅರ್ಧಕ್ಕೇ ನಿಲ್ಲಬಹುದು. ಉಳಿದವರು ತಮ್ಮ ಪೆಡಲು, ಶೂ, ಹೆಲ್ಮೆಟ್ಟು, ಸಾಧ್ಯವಾದರೆ ಸೀಟನ್ನು ಮಾತ್ರ ಚೀಲದಲ್ಲಿ ಒಯ್ದು, ಸೀಟಿನ ಎತ್ತರದ ಅಳತೆಯನ್ನು ಬರೆದಿಟ್ಟುಕೊಂಡು, ಅಂಗಡಿಯವರಿಗೆ ಮೊದಲೇ ಕಳಿಸಿದರೆ ಸಾಕು. ಸೈಕಲ್ ಕೈಗೆ ಬಂದಾಗ ಎಲ್ಲ ಬದಿಯಿಂದಲೂ ಫೋಟೊ ತೆಗೆದಿಡುವುದು ಮುಂಗಡ ಹಣ ಮರಳಿ ಪಡೆಯಲು ನೆರವಾಗುತ್ತದೆ.

ವಿಮೆ ಮತ್ತು ಜೊತೆಗಾರರು

ಆಸ್ಟ್ರಿಯಾ, ಜರ್ಮನಿ, ಸ್ಪೇನ್, ಫ್ರಾನ್ಸ್ ಎಲ್ಲಕ್ಕೂ ಷೆಂಗೆನ್ ವೀಸಾ ಒಂದೇ. ಅದಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಆದರೆ ವೀಸಾಕ್ಕೆ ಸಾಕಾಗುವ ವಿಮೆ ಸೈಕಲ್ ಅಪಘಾತಕ್ಕೂ ಸಾಕು ಎಂದು ತಿಳಿಯಬಾರದು. ಕೆಲವು ಪಾಲಿಸಿಗಳು ಸಾಹಸ ಕ್ರೀಡೆಗಳನ್ನು ಹೊರಗಿಡುತ್ತವೆ. ಘಾಟಿ ರಸ್ತೆಯ ಸವಾರಿಗೂ ಪಾಲಿಸಿ ಅನ್ವಯಿಸುತ್ತದೆಯೇ, ಗಾಯಗೊಂಡವರನ್ನು ಬೆಟ್ಟದಿಂದ ಸಾಗಿಸುವ ವೆಚ್ಚ ಸೇರಿದೆಯೇ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ತುರ್ತು ಕರೆಗೆ ಯುರೋಪಿನಲ್ಲಿ 112, ಜಪಾನಿನಲ್ಲೂ ತೈವಾನಿನಲ್ಲೂ ಆಂಬುಲೆನ್ಸಿಗೆ 119.

ಕೊನೆಯದಾಗಿ, ಜೊತೆಯಲ್ಲಿ ಬರುವವರ ಶಕ್ತಿ ನಿಮ್ಮದಕ್ಕೆ ಸಮನಾಗಿಲ್ಲದಿದ್ದರೆ ಆಯ್ಕೆಯೇ ಬದಲಾಗಬೇಕು. ದಂಪತಿಗಳಲ್ಲಿ ಒಬ್ಬರು ನಿತ್ಯ ಸವಾರರು, ಇನ್ನೊಬ್ಬರು ಅಲ್ಲ ಎಂದಾದರೆ ಆಲ್ಪ್ಸ್‌ನಲ್ಲಿ ಇಬ್ಬರೂ ದಿನವಿಡೀ ಬೇರೆ ಬೇರೆಯಾಗಿರುತ್ತಾರೆ. ಡ್ಯಾನ್ಯೂಬ್ ದಂಡೆಯಲ್ಲಿ ಒಬ್ಬರು ವಿದ್ಯುತ್ ಸೈಕಲ್ ಬಾಡಿಗೆಗೆ ಪಡೆದರೆ, ಗಂಟೆಗೆ 25 ಕಿಲೋಮೀಟರಿನವರೆಗೆ ಮೋಟಾರಿನ ನೆರವು ಸಿಗುವುದರಿಂದ, ಇಬ್ಬರೂ ಪಕ್ಕಪಕ್ಕದಲ್ಲೇ ಸಾಗಬಹುದು. ಶಾಲೆಗೆ ಹೋಗುವ ಮಕ್ಕಳಿದ್ದರೆ ಶಿಮಾನಾಮಿಯನ್ನು ಎರಡು ಮೂರು ದಿನಗಳಿಗೆ ಹಂಚಿಕೊಳ್ಳಿ. ನಮ್ಮ ಬೇಸಿಗೆ ರಜೆಯ ಏಪ್ರಿಲ್ ಅಲ್ಲಿನ ಹವೆಗೆ ಸರಿಯಾಗಿ ಹೊಂದುತ್ತದೆ. ಆದರೆ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಜಪಾನೀಯರಿಗೂ ಸಾಲುಸಾಲು ರಜೆಯಿರುವುದರಿಂದ ಕೋಣೆ, ಸೈಕಲ್ ಎರಡನ್ನೂ ಹಲವು ತಿಂಗಳು ಮೊದಲೇ ಕಾಯ್ದಿರಿಸಬೇಕು.